ಉತ್ತರ ಸಿಗದ ಪ್ರಶ್ನೆಗಳು ಸಿಕ್ಕಿಕೊಂಡಿರುವುದು ಎಲ್ಲಿ?

ಪ್ರಶ್ನೆ: ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಇದೆಯೆಂದು ಗೊತ್ತಾಗುವ ದ್ರವ್ಯ), ವಿಶ್ವದ ಹಿಗ್ಗುವಿಕೆ, ಜೀವದ ಉಗಮ, ಪ್ರಜ್ಞೆ – ಇವುಗಳಲ್ಲಿ ಯಾವುದಾದರೊಂದರ ‘ರಹಸ್ಯ ಬಯಲು’ ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಸ್ವಲ್ಪ ದಿನ ಬಿಟ್ಟು ನೋಡಿದರೆ ಪ್ರಶ್ನೆ ಇದ್ದಲ್ಲೇ ಇರುತ್ತದೆ. ನಿಜಕ್ಕೂ ಉತ್ತರ ಸಿಗದೆ ಉಳಿದಿರುವ ದೊಡ್ಡ ಪ್ರಶ್ನೆಗಳು ಯಾವುವು? ಅವು ಯಾಕೆ ಬಗೆಹರಿಯುತ್ತಿಲ್ಲ? ಇಂಥ ಸುದ್ದಿ ಓದುವಾಗ ಏನನ್ನು ಗಮನಿಸಬೇಕು?

ಉತ್ತರ: ಬರೀ ಪಟ್ಟಿ ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಪಟ್ಟಿಯಲ್ಲಿ ಎಲ್ಲ ಪ್ರಶ್ನೆಗಳೂ ಒಂದೇ ಥರ ಕಾಣುತ್ತವೆ; ಒಳಹೊಕ್ಕು ನೋಡಿದರೆ ಒಂದೊಂದೂ ಒಂದೊಂದು ಜಾಗದಲ್ಲಿ ಸಿಕ್ಕಿಹಾಕಿಕೊಂಡಿದೆ. ಕೆಲವು ಕಡೆ ಎರಡು ಒಳ್ಳೆಯ ಅಳತೆಗಳು ತಾಳೆಯಾಗುತ್ತಿಲ್ಲ. ಕೆಲವು ಕಡೆ ಇರಲೇಬೇಕು ಎನಿಸುವ ವಸ್ತು ಕೈಗೆ ಸಿಗುತ್ತಿಲ್ಲ. ಕೆಲವು ಕಡೆ ಬಿಡಿ ಹಂತಗಳೆಲ್ಲ ಗೊತ್ತು, ಅವು ಒಂದೇ ಪಾತ್ರೆಯಲ್ಲಿ ಒಂದರ ಹಿಂದೊಂದು ನಡೆಯುವುದಿಲ್ಲ. ಏನನ್ನು ಅಳೆಯಬೇಕು ಎಂಬುದೇ ಇನ್ನೂ ನಿಶ್ಚಯವಾಗದ ಪ್ರಶ್ನೆಗಳೂ ಇವೆ. ಸಿಕ್ಕಿಕೊಂಡ ಜಾಗ ಗೊತ್ತಾದರೆ ಸುದ್ದಿಯ ತೂಕವನ್ನು ಓದುಗರೇ ಅಂದಾಜು ಮಾಡಬಹುದು.

ಹತ್ತು ಸೆಕೆಂಡಿನ ವ್ಯತ್ಯಾಸ

ನ್ಯೂಟ್ರಾನ್‌ನಿಂದ ಶುರು ಮಾಡೋಣ. ಇದು ಅಷ್ಟೇನೂ ಪ್ರಸಿದ್ಧವಾದ ಪ್ರಶ್ನೆಯಲ್ಲ, ಆದರೆ ಎರಡು ಅಳತೆಗಳ ಜಗಳವನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಮತ್ತೊಂದಿಲ್ಲ. ಸ್ಥಿರವಾದ ಪರಮಾಣು ಬೀಜದೊಳಗೆ ನ್ಯೂಟ್ರಾನ್ ಭದ್ರವಾಗಿರುತ್ತದೆ. ಹೊರಗೆ ಒಂಟಿಯಾಗಿ ಬಿಟ್ಟರೆ ಸರಾಸರಿ 15 ನಿಮಿಷದೊಳಗೆ ಒಡೆದು ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆ್ಯಂಟಿನ್ಯೂಟ್ರಿನೊ ಆಗುತ್ತದೆ. ಆ ಸರಾಸರಿ ಆಯಸ್ಸು ನಿಖರವಾಗಿ ಎಷ್ಟು?

ಒಂದು ವಿಧಾನದಲ್ಲಿ ನ್ಯೂಟ್ರಾನ್‌ಗಳನ್ನು ಸೆಕೆಂಡಿಗೆ ಕೆಲವೇ ಮೀಟರ್ ಚಲಿಸುವಷ್ಟು ನಿಧಾನಗೊಳಿಸಿ ಬಲೆಯಲ್ಲಿ ಹಿಡಿದಿಡುತ್ತಾರೆ. ಅಮೆರಿಕದ ಲಾಸ್ ಅಲಮೋಸ್‌ನ ಯುಸಿಎನ್-ಟೌ ಪ್ರಯೋಗದ ಬಲೆಗೆ ಮುಚ್ಚಳವೇ ಇಲ್ಲ: ತಳ ಮತ್ತು ಬದಿಗಳಲ್ಲಿ ಕಾಯಂ ಆಯಸ್ಕಾಂತಗಳು ನ್ಯೂಟ್ರಾನನ್ನು ಹಿಂದಕ್ಕೆ ತಳ್ಳುತ್ತವೆ, ಮೇಲಕ್ಕೆ ಹೋಗದಂತೆ ಗುರುತ್ವವೇ ಹಿಡಿಯುತ್ತದೆ. ಒಮ್ಮೆ 20 ಸೆಕೆಂಡು, ಇನ್ನೊಮ್ಮೆ 1550 ಸೆಕೆಂಡು ಹಿಡಿದಿಟ್ಟು, ಉಳಿದವನ್ನು ಎಣಿಸಿ, ಎರಡರ ಅನುಪಾತದಿಂದ ಆಯಸ್ಸು ತೆಗೆಯುತ್ತಾರೆ. 2021ರಲ್ಲಿ ಪ್ರಕಟವಾದ ಫಲಿತಾಂಶ 877.75 ಸೆಕೆಂಡು, ಅನಿಶ್ಚಿತತೆ ಅರ್ಧ ಸೆಕೆಂಡಿಗಿಂತ ಕಡಿಮೆ.

ಇನ್ನೊಂದು ವಿಧಾನದಲ್ಲಿ ನ್ಯೂಟ್ರಾನ್‌ಗಳ ಧಾರೆಯನ್ನು ಹರಿಯಬಿಟ್ಟು, ಗೊತ್ತಾದ ಉದ್ದದೊಳಗೆ ಎಷ್ಟು ಪ್ರೋಟಾನ್ ಹುಟ್ಟಿದವು ಎಂದು ಎಣಿಸುತ್ತಾರೆ. ಅದೇ ಹೊತ್ತಿಗೆ ಆ ಧಾರೆಯಲ್ಲಿ ಎಷ್ಟು ನ್ಯೂಟ್ರಾನ್ ಇದ್ದವು ಎಂಬುದನ್ನು ಲಿಥಿಯಂ ಲೇಪಿಸಿದ ತೆಳು ಹಾಳೆಯ ಮೂಲಕ ಅಳೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 2013ರಲ್ಲಿ ಹೀಗೆ ಬಂದದ್ದು 887.7 ಸೆಕೆಂಡು, ಅನಿಶ್ಚಿತತೆ 2.2.

ವ್ಯತ್ಯಾಸ ಹತ್ತು ಸೆಕೆಂಡು, ಅಂದರೆ ಒಟ್ಟು ಅನಿಶ್ಚಿತತೆಯ ನಾಲ್ಕು ಪಟ್ಟಿಗೂ ಹೆಚ್ಚು. ಈ ಹತ್ತು ಸೆಕೆಂಡು ಪ್ರಯೋಗದಲ್ಲಿ ಎಷ್ಟು ಸೂಕ್ಷ್ಮವಾಗಿ ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. 20ನೇ ಸೆಕೆಂಡಿನಲ್ಲಿ 1000 ನ್ಯೂಟ್ರಾನ್ ಇದ್ದರೆ, 1550ನೇ ಸೆಕೆಂಡಿನಲ್ಲಿ ಒಂದು ಆಯಸ್ಸಿನ ಪ್ರಕಾರ 175 ಉಳಿಯಬೇಕು, ಇನ್ನೊಂದರ ಪ್ರಕಾರ 178. ಇಷ್ಟು ಸಣ್ಣ ಅಂತರದಲ್ಲಿ ತಪ್ಪು ಎಲ್ಲಿಂದಲಾದರೂ ನುಸುಳಬಹುದು. ಬಲೆಯಲ್ಲಿ ಕೆಲವು ನ್ಯೂಟ್ರಾನ್‌ಗಳು ಒಡೆಯದೆಯೇ ಸೋರಿಹೋದರೆ ಆಯಸ್ಸು ನಿಜಕ್ಕಿಂತ ಕಡಿಮೆ ಬರುತ್ತದೆ. ಧಾರೆಯಲ್ಲಿ ಕೆಲವು ಪ್ರೋಟಾನ್‌ಗಳು, ಕೊಳವೆಯಲ್ಲಿ ಅಳಿದುಳಿದ ಅನಿಲಕ್ಕೆ ತಾಗಿ, ಲೆಕ್ಕ ತಪ್ಪಿಸಿಕೊಂಡರೆ ಆಯಸ್ಸು ನಿಜಕ್ಕಿಂತ ಹೆಚ್ಚು ಬರುತ್ತದೆ. ಎರಡು ತಪ್ಪುಗಳೂ ಅಂತರವನ್ನು ಹಿಗ್ಗಿಸುವ ದಿಕ್ಕಿನಲ್ಲೇ ಕೆಲಸ ಮಾಡುತ್ತವೆ. ಈ ಪ್ರಶ್ನೆ ಇಷ್ಟು ವರ್ಷ ಎಳೆದಾಡಿರುವುದಕ್ಕೆ ಮುಖ್ಯ ಕಾರಣ ಇದೇ.

2018ರಲ್ಲಿ ಫೋರ್ನಲ್ ಮತ್ತು ಗ್ರಿನ್‌ಸ್ಟೈನ್ ಎಂಬ ಭೌತವಿಜ್ಞಾನಿಗಳು ಮೂರನೆಯ ಸಾಧ್ಯತೆ ಮುಂದಿಟ್ಟರು: ನೂರಕ್ಕೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗದೆ ಕಾಣದ ಕಣವಾಗಿ ಒಡೆಯುತ್ತಿದ್ದರೆ? ಬಲೆಯಿಂದ ಅದು ಕಾಣೆಯಾಗುತ್ತದೆ, ಪ್ರೋಟಾನ್ ಎಣಿಕೆಗೆ ಮಾತ್ರ ಸಿಗುವುದಿಲ್ಲ. ಸುಂದರವಾದ ಊಹೆ. ಆದರೆ ಅಂಥ ದಾರಿ ತೆರೆದಿದ್ದರೆ ನ್ಯೂಟ್ರಾನ್ ನಕ್ಷತ್ರಗಳ (ಬಹುಪಾಲು ನ್ಯೂಟ್ರಾನ್‌ಗಳಿಂದಲೇ ಆದ ಅತಿ ಸಾಂದ್ರ ನಕ್ಷತ್ರಗಳ) ಒಳಗಿನ ಒತ್ತಡ ಕುಗ್ಗಿ, ಸೂರ್ಯನ ಎರಡು ಪಟ್ಟು ತೂಕದ ನಕ್ಷತ್ರಗಳು ನಿಲ್ಲಲು ಕಷ್ಟವಾಗುತ್ತಿತ್ತು. ಅಷ್ಟು ತೂಕದವು ಇವೆ. ಈ ತೊಡಕಿನಿಂದ ತಪ್ಪಿಸಿಕೊಳ್ಳಬೇಕಾದರೆ, ಕಾಣದ ಕಣಗಳ ನಡುವೆ ಹೊಸ ವಿಕರ್ಷಣೆಯನ್ನೂ ಸೇರಿಸಬೇಕಾಗುತ್ತದೆ. ಹಾಗಾಗಿ ಧಾರೆಯ ವಿಧಾನದಲ್ಲೇ ಗಮನಕ್ಕೆ ಬಾರದ ನಷ್ಟವೊಂದು ಇದೆ ಎಂಬುದರತ್ತ ನನ್ನ ಒಲವು. ಜಪಾನಿನ ಜೆ-ಪಾರ್ಕ್‌ನಲ್ಲಿ ಧಾರೆಯನ್ನೇ ಬಳಸಿ, ಪ್ರೋಟಾನ್ ಬದಲು ಎಲೆಕ್ಟ್ರಾನ್ ಎಣಿಸುವ ಪ್ರಯೋಗ ನಡೆಯುತ್ತಿರುವುದು ಈ ಅನುಮಾನವನ್ನು ಪರೀಕ್ಷಿಸುವುದಕ್ಕೇ. ಇದು ಬರೀ ಕಣದ ವಿವರವಲ್ಲ. ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಎಷ್ಟು ನ್ಯೂಟ್ರಾನ್ ಉಳಿದಿದ್ದವು ಎಂಬುದರ ಮೇಲೆ ವಿಶ್ವದ ಹೀಲಿಯಂ ಪ್ರಮಾಣ, ತೂಕದಲ್ಲಿ ಸುಮಾರು ಕಾಲು ಭಾಗ, ನಿಂತಿದೆ.

67 ಮತ್ತು 73

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಪ್ರಶ್ನೆಯೂ ಇದೇ ಜಾತಿಯದು. ಮಹಾಸ್ಫೋಟವಾದ ಸುಮಾರು 3.8 ಲಕ್ಷ ವರ್ಷಗಳ ನಂತರ ಹೊರಟ ಬೆಳಕನ್ನು ಪ್ಲಾಂಕ್ ಉಪಗ್ರಹ ಅಳೆದಿದೆ. ಅದರಿಂದ ಲೆಕ್ಕ ಹಾಕಿದರೆ, ಒಂದು ಮೆಗಾಪಾರ್ಸೆಕ್ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ 67.4 ಕಿ.ಮೀ. ವೇಗ ಬರುತ್ತದೆ. ಹತ್ತಿರದ ಗ್ಯಾಲಕ್ಸಿಗಳ ದೂರವನ್ನು ನೇರವಾಗಿ ಅಳೆದು ಆ್ಯಡಮ್ ರೀಸ್ ತಂಡ 2022ರಲ್ಲಿ ಕೊಟ್ಟ ಬೆಲೆ 73.04. ಮೊದಲನೆಯದರ ಅನಿಶ್ಚಿತತೆ 0.5, ಎರಡನೆಯದರದು 1.04.

ನೇರ ಅಳತೆಯಲ್ಲಿ ಮೂರು ಮೆಟ್ಟಿಲುಗಳಿವೆ. ಭೂಮಿ ಸೂರ್ಯನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದಾಗ ನಕ್ಷತ್ರ ಎಷ್ಟು ಸರಿದಂತೆ ಕಾಣುತ್ತದೆ ಎಂಬುದರಿಂದ ನಮ್ಮದೇ ಗ್ಯಾಲಕ್ಸಿಯ ಸೆಫೀಡ್ ನಕ್ಷತ್ರಗಳ ದೂರ ಸಿಗುತ್ತದೆ. ಈಗ ಇದಕ್ಕೆ ಗಾಯಾ ಉಪಗ್ರಹದ ಅಳತೆಗಳಿವೆ. ಸೆಫೀಡ್‌ಗಳು ಲಯಬದ್ಧವಾಗಿ ಹೆಚ್ಚು-ಕಡಿಮೆ ಬೆಳಗುತ್ತವೆ. ಲಯ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿದರು. ಆ ಸಂಬಂಧ ಹಿಡಿದು ಬೇರೆ ಗ್ಯಾಲಕ್ಸಿಗಳ ಸೆಫೀಡ್‌ಗಳಿಗೆ, ಅಲ್ಲಿಂದ ಅದೇ ಗ್ಯಾಲಕ್ಸಿಗಳಲ್ಲಿ ಸಿಡಿದ ಒಂದನೇ-ಎ ಬಗೆಯ ಸೂಪರ್‌ನೋವಾಗಳಿಗೆ (ಹೆಚ್ಚುಕಡಿಮೆ ಒಂದೇ ಪ್ರಕಾಶದ ನಕ್ಷತ್ರ ಸ್ಫೋಟಗಳಿಗೆ), ಅಲ್ಲಿಂದ ಬಹುದೂರದ ಸೂಪರ್‌ನೋವಾಗಳಿಗೆ ಹೋಗುತ್ತಾರೆ. ಕೆಳಗಿನ ಮೆಟ್ಟಿಲಿನ ತಪ್ಪು ಮೇಲಿನ ಎಲ್ಲ ಮೆಟ್ಟಿಲುಗಳಿಗೂ ಹಾಗೇ ಏರುತ್ತದೆ.

ಎಲ್ಲರ ಮೊದಲ ಅನುಮಾನ ನಕ್ಷತ್ರಗಳ ಸಂದಣಿಯ ಮೇಲಿತ್ತು. ದೂರದ ಗ್ಯಾಲಕ್ಸಿಯಲ್ಲಿ ಸೆಫೀಡ್‌ನ ಪಕ್ಕದ ನಕ್ಷತ್ರಗಳ ಬೆಳಕೂ ಅದರೊಳಗೆ ಬೆರೆತರೆ ಅದು ಹೆಚ್ಚು ಪ್ರಕಾಶವಾಗಿ ಕಂಡು, ನಿಜಕ್ಕಿಂತ ಹತ್ತಿರವಿದೆ ಎನಿಸುತ್ತದೆ; ಹಿಗ್ಗುವ ವೇಗ ಹೆಚ್ಚಾಗಿ ಬರುತ್ತದೆ. ತಪ್ಪಿನ ದಿಕ್ಕು ಸರಿಯಾಗಿಯೇ ಇತ್ತು, ಪ್ರಮಾಣ ಸಾಲಲಿಲ್ಲ. ಈ ಅಳತೆಗಳಿಗೆ ಬಳಸಿದ್ದ ಹಬಲ್ ದೂರದರ್ಶಕಕ್ಕಿಂತ ಸೂಕ್ಷ್ಮವಾಗಿ ನೋಡಬಲ್ಲ ಜೇಮ್ಸ್ ವೆಬ್ ದೂರದರ್ಶಕ ಅದೇ ಸೆಫೀಡ್‌ಗಳನ್ನು ಬಿಡಿಸಿ ನೋಡಿದಾಗ ಹಬಲ್‌ನ ಅಳತೆಗಳು ಸರಿಯಾಗಿಯೇ ಇದ್ದವು. ಆದರೂ ಪ್ರಶ್ನೆ ಮುಚ್ಚಿಲ್ಲ: ಸೆಫೀಡ್ ಬಿಟ್ಟು ಕೆಂಪು ದೈತ್ಯ ನಕ್ಷತ್ರಗಳನ್ನು ಆಧಾರವಾಗಿಟ್ಟ ವೆಂಡಿ ಫ್ರೀಡ್‌ಮನ್ ತಂಡಕ್ಕೆ 2019ರಲ್ಲಿ ಬಂದದ್ದು 69.8, ಎರಡರ ನಡುವೆ. ಮೆಟ್ಟಿಲುಗಳೇ ಬೇಡದ ದಾರಿಯೆಂದರೆ ಗುರುತ್ವ ಅಲೆಗಳದ್ದು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಅಲೆಯ ಗಾತ್ರದಿಂದಲೇ ದೂರ ಸಿಕ್ಕಿತು, ವೇಗ ಸುಮಾರು 70 ಬಂತು. ಆದರೆ ಒಂದೇ ಘಟನೆಯಾದ್ದರಿಂದ ಅದರ ಅನಿಶ್ಚಿತತೆಯೊಳಗೆ 67, 73 ಎರಡೂ ಆರಾಮವಾಗಿ ಹಿಡಿಸುತ್ತವೆ. ಅಂಥ ಘಟನೆಗಳು ಹತ್ತಾರು ಬೇಕು.

ಇಂಥ ಜಗಳಗಳು ಹಿಂದೆ ಮುಗಿದ ಬಗೆ

ಲೆಕ್ಕ ತಾಳೆಯಾಗದಿದ್ದಾಗಲೆಲ್ಲ ಹೊಸ ಭೌತವಿಜ್ಞಾನ ಸಿಕ್ಕಿತು ಎಂದುಕೊಳ್ಳುವುದು ಸಹಜ. ಇತಿಹಾಸ ಅಷ್ಟು ಉದಾರವಾಗಿಲ್ಲ.

1960ರ ದಶಕದ ಕೊನೆಯಿಂದ ಅಮೆರಿಕದ ವಿಜ್ಞಾನಿ ರೇ ಡೇವಿಸ್ ಗಣಿಯೊಳಗೆ ಸುಮಾರು 3.8 ಲಕ್ಷ ಲೀಟರ್ ಕ್ಲೋರಿನ್‌ಯುಕ್ತ ದ್ರವ ತುಂಬಿ ಸೂರ್ಯನ ನ್ಯೂಟ್ರಿನೊಗಳನ್ನು (ಯಾವುದಕ್ಕೂ ತಾಗದೆ ಬಹುಮಟ್ಟಿಗೆ ಹಾಗೇ ಹಾದುಹೋಗುವ ಹಗುರ ಕಣಗಳನ್ನು) ಎಣಿಸಿದರು; ನಿರೀಕ್ಷೆಯ ಮೂರನೇ ಒಂದು ಭಾಗವಷ್ಟೇ ಸಿಕ್ಕಿತು. ಪ್ರಯೋಗ ತಪ್ಪೇ, ಸೂರ್ಯನ ಮಾದರಿ ತಪ್ಪೇ ಎಂದು ದಶಕಗಳ ಕಾಲ ವಾದ ನಡೆಯಿತು. ಎರಡೂ ಸರಿ ಇದ್ದವು. ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತಿದ್ದವು ಎಂದು ಕೆನಡಾದ ಸಡ್‌ಬರಿಯ 1000 ಟನ್ ಭಾರಜಲದ ಪ್ರಯೋಗ 2001 ಮತ್ತು 2002ರಲ್ಲಿ ತೋರಿಸಿತು. ಅದು ಎಲ್ಲ ಬಗೆಯ ನ್ಯೂಟ್ರಿನೊಗಳನ್ನೂ ಒಟ್ಟಾಗಿ ಎಣಿಸಬಲ್ಲದಾಗಿತ್ತು, ಆದ್ದರಿಂದಲೇ ವಾದ ಮುಗಿಯಿತು.

2011ರಲ್ಲಿ ಆಪೆರಾ ಪ್ರಯೋಗದಲ್ಲಿ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡು ಮೊದಲೇ ತಲುಪಿದಂತೆ ಕಂಡಿತು. ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್. ಸೌರವ್ಯೂಹದಾಚೆಗೆ ಸಾಗುತ್ತಿದ್ದ ಪಯೊನೀರ್ ಬಾಹ್ಯಾಕಾಶ ನೌಕೆಗಳು ಲೆಕ್ಕಕ್ಕಿಂತ ತುಸು ಹೆಚ್ಚು ನಿಧಾನವಾಗುತ್ತಿದ್ದುದಕ್ಕೆ ನೌಕೆಯ ಶಾಖ ಎಲ್ಲ ದಿಕ್ಕಿಗೂ ಸಮನಾಗಿ ಹೊರಹೋಗದಿರುವುದೇ ಕಾರಣ ಎಂದು 2012ರಲ್ಲಿ ಗೊತ್ತಾಯಿತು. ಮ್ಯೂಯಾನ್‌ನ (ಎಲೆಕ್ಟ್ರಾನಿನಂಥದೇ, ಆದರೆ ಹೆಚ್ಚು ಭಾರದ ಕಣ) ಕಾಂತಗುಣದ ಅಳತೆ ಸಿದ್ಧಾಂತದೊಡನೆ ತಾಳೆಯಾಗದಿದ್ದ ವಿಷಯದಲ್ಲಂತೂ ಅಳತೆ ಕದಲಲೇ ಇಲ್ಲ, ಬದಲಾದದ್ದು ಸಿದ್ಧಾಂತದ ಲೆಕ್ಕ: ಕಂಪ್ಯೂಟರ್ ಜಾಲಕ ವಿಧಾನದಿಂದ ಮಾಡಿದ ಹೊಸ ಲೆಕ್ಕ ಅಳತೆಯ ಹತ್ತಿರ ಬಂದು, 2025ರ ಹೊತ್ತಿಗೆ ಅಂತರ ಬಹುಪಾಲು ಕರಗಿತು. ನಾಲ್ಕರಲ್ಲಿ ಹೊಸ ಭೌತವಿಜ್ಞಾನ ಸಿಕ್ಕಿದ್ದು ಒಂದರಲ್ಲಿ ಮಾತ್ರ. ಉಳಿದ ಮೂರೂ ವ್ಯರ್ಥವಲ್ಲ. ಆ ಹುಡುಕಾಟದಲ್ಲೇ ಅಳೆಯುವ ಕಲೆ ಬೆಳೆದಿದೆ.

ಹುಡುಕಿದಷ್ಟೂ ಸಿಗದ ದ್ರವ್ಯ

ಡಾರ್ಕ್ ಮ್ಯಾಟರ್ ಇದೆ ಎನ್ನಲು ಒಂದಕ್ಕೊಂದು ಸಂಬಂಧವಿಲ್ಲದ ಸಾಕ್ಷ್ಯಗಳು ಬೇಕಾದಷ್ಟಿವೆ: 1933ರಲ್ಲಿ ಫ್ರಿಟ್ಜ್ ಜ್ವಿಕಿ ಕಂಡ ಗ್ಯಾಲಕ್ಸಿ ಗುಂಪಿನ ವೇಗಗಳು, 1970ರ ದಶಕದಲ್ಲಿ ವೆರಾ ರೂಬಿನ್ ಅಳೆದ ಗ್ಯಾಲಕ್ಸಿಗಳ ತಿರುಗುವಿಕೆ, ಆದಿ ಬೆಳಕಿನಲ್ಲಿರುವ ಏರಿಳಿತಗಳು. ವಿಶ್ವದ ಲೆಕ್ಕದಲ್ಲಿ ಅದರ ಪಾಲು ಸುಮಾರು 27 ಪ್ರತಿಶತ, ನಮಗೆ ಪರಿಚಯವಿರುವ ವಸ್ತುವಿನದು 5. ಸಿಕ್ಕಿಕೊಂಡಿರುವುದು ಕಣವನ್ನು ಹಿಡಿಯುವಲ್ಲಿ.

ಅಮೆರಿಕದ ದಕ್ಷಿಣ ಡಕೋಟಾದಲ್ಲಿ ನೆಲದಡಿ ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ ಎಲ್‌ಜೆಡ್ ಪ್ರಯೋಗ 10 ಟನ್ ದ್ರವ ಜೆನಾನ್ ಇಟ್ಟುಕೊಂಡು ಕಾಯುತ್ತಿದೆ. ಕಣವೊಂದು ಜೆನಾನ್ ಪರಮಾಣುವಿಗೆ ಬಡಿದರೆ ತಕ್ಷಣ ಒಂದು ಮಿಣುಕು. ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಮೇಲಿನ ಅನಿಲದ ಪದರಕ್ಕೆ ತಲುಪಿದಾಗ ಎರಡನೇ ಮಿಣುಕು. ಎರಡರ ನಡುವಿನ ಸಮಯದಿಂದ ಆಳ, ಪ್ರಕಾಶಗಳ ಅನುಪಾತದಿಂದ ಬಡಿದದ್ದು ಬೀಜಕ್ಕೋ ಎಲೆಕ್ಟ್ರಾನಿಗೋ ಎಂಬುದು ತಿಳಿಯುತ್ತದೆ. ಕಾಟ ಕೊಡುವುದು ಉಪಕರಣದ ಲೋಹದಿಂದಲೇ ಒಸರುವ ವಿಕಿರಣಶೀಲ ಅನಿಲ ರೇಡಾನ್. ಮುಂದೆ ಇನ್ನೂ ದೊಡ್ಡ ಅಡ್ಡಿಯಿದೆ: ಉಪಕರಣ ಸೂಕ್ಷ್ಮವಾದಂತೆ ಸೂರ್ಯನ ನ್ಯೂಟ್ರಿನೊಗಳೂ ಹೀಗೇ ಬಡಿಯುವುದು ಕಾಣತೊಡಗುತ್ತದೆ. ಅವನ್ನು ತಡೆಯುವ ಗೋಡೆ ಇಲ್ಲ.

ಭೂಮಿ ಸೂರ್ಯನನ್ನು ಸುತ್ತುವುದರಿಂದ ಡಾರ್ಕ್ ಮ್ಯಾಟರ್ ಕಣಗಳ ಬಡಿತ ವರ್ಷದುದ್ದಕ್ಕೂ ಹೆಚ್ಚು-ಕಡಿಮೆ ಆಗಬೇಕು. ಇಟಲಿಯ ಗ್ರಾನ್ ಸಾಸೊದ ಡಾಮಾ ಪ್ರಯೋಗ ಸೋಡಿಯಂ ಅಯೋಡೈಡ್ ಹರಳುಗಳಲ್ಲಿ ಹಾಗೆ ವರ್ಷಕ್ಕೊಮ್ಮೆ ಏರಿಳಿಯುವ ಸಂಕೇತ ಕಂಡಿದ್ದೇವೆ ಎಂದು 1990ರ ದಶಕದ ಕೊನೆಯಿಂದ ಹೇಳುತ್ತ ಬಂದಿದೆ. ಅದೇ ಬಗೆಯ ಹರಳು ಬಳಸಿದ ಸ್ಪೇನ್‌ನ ಅನೈಸ್, ಕೊರಿಯಾದ ಕೊಸೈನ್ ಪ್ರಯೋಗಗಳಿಗೆ ಅದು ಕಾಣಲಿಲ್ಲ. ಹರಳನ್ನೂ ಬದಲಿಸದೆ ಪರೀಕ್ಷಿಸಿದ್ದು ಮುಖ್ಯ. ‘ನಿಮ್ಮ ವಸ್ತು ಬೇರೆ’ ಎಂಬ ತಕರಾರಿಗೆ ಅವಕಾಶ ಉಳಿಯಲಿಲ್ಲ.

ಜೀವದ ಉಗಮ: ಹಂತಗಳು ಕೂಡಿಕೊಳ್ಳದ ಕತೆ

ಇಲ್ಲಿ ‘ಏನೂ ಗೊತ್ತಿಲ್ಲ’ ಎಂಬುದು ತಪ್ಪು. ಅನಿಲಗಳ ಮಿಶ್ರಣದಲ್ಲಿ ವಿದ್ಯುತ್ ಕಿಡಿ ಹಾಯಿಸಿದ 1953ರ ಮಿಲ್ಲರ್ ಪ್ರಯೋಗದಿಂದ, ಪ್ರೋಟೀನಿನ ಇಟ್ಟಿಗೆಗಳಾದ ಅಮೈನೊ ಆಮ್ಲಗಳು ಸುಲಭವಾಗಿ ಹುಟ್ಟುತ್ತವೆ ಎಂದು ಗೊತ್ತಾಯಿತು. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕಾಶಿಲೆಯಲ್ಲೂ ಅವು ಸಿಕ್ಕಿವೆ. ಡಿಎನ್‌ಎಯ ಸಂಬಂಧಿ ಅಣುವಾದ ಆರ್‌ಎನ್‌ಎ ಮಾಹಿತಿಯನ್ನೂ ಹೊರುತ್ತದೆ, ಕಿಣ್ವದ ಕೆಲಸವನ್ನೂ ಮಾಡುತ್ತದೆ. ಇಂದಿಗೂ ಪ್ರತಿ ಜೀವಕೋಶದಲ್ಲಿ ಪ್ರೋಟೀನ್ ಹೆಣೆಯುವ ರೈಬೋಸೋಮ್‌ನ ನಡುಮಧ್ಯದಲ್ಲಿ ಆ ಕೆಲಸ ಮಾಡುವುದು ಆರ್‌ಎನ್‌ಎ. ಹಾಗಾಗಿ ಮೊದಲು ಆರ್‌ಎನ್‌ಎ ಬಂದಿರಬೇಕು ಎಂಬ ವಾದಕ್ಕೆ ಬಲವಿದೆ.

ತೊಡಕು ವಿವರಗಳಲ್ಲಿದೆ. ಆರ್‌ಎನ್‌ಎಗೆ ರೈಬೋಸ್ ಸಕ್ಕರೆ ಬೇಕು. ಫಾರ್ಮಾಲ್ಡಿಹೈಡ್‌ನಿಂದ ಸಕ್ಕರೆ ಹುಟ್ಟುತ್ತದೆ ಎಂದು ಬಟ್ಲೆರೊವ್ 1861ರಲ್ಲೇ ತೋರಿಸಿದ್ದರು, ಆದರೆ ಹತ್ತಾರು ಸಕ್ಕರೆಗಳ ನಡುವೆ ರೈಬೋಸ್ ಕೊಂಚವೇ ಬಂದು, ಬಿಟ್ಟರೆ ಎಲ್ಲವೂ ಕಂದು ಟಾರ್ ಆಗುತ್ತದೆ. ಹುಟ್ಟಿದ ರೈಬೋಸ್ ಬಾಳುವುದೂ ಇಲ್ಲ: ತಟಸ್ಥ ನೀರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಅರ್ಧಾಯು 73 ನಿಮಿಷ, ಸೊನ್ನೆ ಡಿಗ್ರಿಯಲ್ಲಿ 44 ವರ್ಷ. ಭೂಮಿಯ ಕಾಲಮಾನಕ್ಕೆ ಎರಡೂ ಕ್ಷಣಗಳೇ. ಬೋರೇಟ್ ಖನಿಜ ಜೊತೆಗಿದ್ದರೆ ರೈಬೋಸ್ ಹೆಚ್ಚು ಕಾಲ ಉಳಿಯುತ್ತದೆ ಎಂದು ಸ್ಟೀವನ್ ಬೆನ್ನರ್ ತಂಡ 2004ರಲ್ಲಿ ತೋರಿಸಿತು. 2009ರಲ್ಲಿ ಜಾನ್ ಸದರ್‌ಲ್ಯಾಂಡ್ ತಂಡ ಸಕ್ಕರೆ ಬೇರೆ, ಬೇಸ್ (ಆರ್‌ಎನ್‌ಎಯಲ್ಲಿ ಒಂದು ಅಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವ ಭಾಗ) ಬೇರೆ ಮಾಡಿ ಜೋಡಿಸುವ ಹಟವನ್ನೇ ಬಿಟ್ಟು, ಎರಡಕ್ಕೂ ಸಾಮಾನ್ಯವಾದ ಮಧ್ಯವರ್ತಿ ಅಣುವಿನಿಂದ, ಫಾಸ್ಫೇಟನ್ನು ಮೊದಲಿನಿಂದಲೇ ಸೇರಿಸಿ, ಆರ್‌ಎನ್‌ಎ ಸರದ ಬಿಡಿ ಘಟಕಗಳಾದ ನಾಲ್ಕು ‘ಅಕ್ಷರ’ಗಳಲ್ಲಿ ಎರಡಕ್ಕೆ ದಾರಿ ಕಂಡುಕೊಂಡಿತು. ಈ ಕ್ಷೇತ್ರದ ನಿಜವಾದ ಜಿಗಿತಗಳಲ್ಲಿ ಅದೊಂದು.

ಮುಂದಿನ ಹಂತಗಳು ಒಂದರ ಕಾಲನ್ನು ಇನ್ನೊಂದು ಎಳೆಯುತ್ತವೆ. ಅಕ್ಷರಗಳನ್ನು ಸರವಾಗಿ ಪೋಣಿಸಬೇಕಾದರೆ ಪ್ರತಿ ಕೊಂಡಿಗೂ ಒಂದು ನೀರಿನ ಅಣು ಹೊರಹೋಗಬೇಕು. ಸುತ್ತಲೂ ನೀರೇ ಇದ್ದರೆ ಕ್ರಿಯೆ ಹಿಂದಕ್ಕೆ ತಿರುಗುತ್ತದೆ. ಒಣಗಿ ಮತ್ತೆ ನೆನೆಯುವ ಹೊಂಡಗಳ ಮಾತು ಬರುವುದು ಇದಕ್ಕಾಗಿ. ಕಿಣ್ವವಿಲ್ಲದೆ ಆರ್‌ಎನ್‌ಎ ನಕಲಾಗಲು ಮೆಗ್ನೀಸಿಯಂ ಬೇಕು, ಅದೇ ಮೆಗ್ನೀಸಿಯಂ ಕೊಬ್ಬಿನಾಮ್ಲದ ಪೊರೆಗಳನ್ನು ಒಡೆಯುತ್ತದೆ. ಸಿಟ್ರೇಟ್ ಸೇರಿಸಿದರೆ ಪೊರೆಯೂ ಉಳಿದು ನಕಲೂ ನಡೆಯುತ್ತದೆ ಎಂದು ಜ್ಯಾಕ್ ಶೊಸ್ಟಾಕ್ ಪ್ರಯೋಗಾಲಯ 2013ರಲ್ಲಿ ತೋರಿಸಿತು. ಆದಿ ಭೂಮಿಯಲ್ಲಿ ಅಷ್ಟು ಸಿಟ್ರೇಟ್ ಎಲ್ಲಿತ್ತು ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಎಡ-ಬಲದ ತೊಡಕು ಬೇರೆ. ಕನ್ನಡಿಯ ಬಿಂಬದಂತೆ ತಿರುಗಿದ ಅಕ್ಷರಗಳು ಬೆರೆತಿದ್ದರೆ ನಕಲು ನಡುವೆಯೇ ನಿಲ್ಲುತ್ತದೆ ಎಂದು 1984ರಲ್ಲೇ ಪ್ರಯೋಗದಿಂದ ಗೊತ್ತಾಗಿತ್ತು. ಮೊದಲ ಅಸಮತೋಲ ಹೇಗೆ ಬಂತು ಎಂಬುದಕ್ಕೆ ಊಹೆಗಳಿವೆ, ನಿರ್ಣಯವಿಲ್ಲ.

ಹಾಗಾಗಿ ಈ ಕ್ಷೇತ್ರದ ಸುದ್ದಿ ಓದಿದಾಗ ಒಂದೇ ಪ್ರಶ್ನೆ ಕೇಳಿ: ಒಂದು ಹಂತದ ಉತ್ಪನ್ನವನ್ನು ಶುದ್ಧ ಮಾಡದೆ ಹಾಗೇ ಮುಂದಿನ ಹಂತಕ್ಕೆ ಒಯ್ದರೇ? ಬಹುತೇಕ ಪ್ರಬಂಧಗಳಲ್ಲಿ ನಡುವೆ ರಸಾಯನಶಾಸ್ತ್ರಜ್ಞರ ಕೈ ಇರುತ್ತದೆ: ಬಾಟಲಿಯಿಂದ ಶುದ್ಧ ವಸ್ತು, ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ.

ಅಳತೆಯೇ ಇನ್ನೂ ನಿಶ್ಚಯವಾಗದ ಪ್ರಶ್ನೆಗಳು

ಪ್ರಜ್ಞೆಯ ವಿಷಯವನ್ನು ಅರಿವಳಿಕೆಯ ಕಡೆಯಿಂದ ನೋಡುವುದು ಹೆಚ್ಚು ಫಲಕಾರಿ. 1846ರಲ್ಲಿ ಈಥರ್ ಬಳಕೆ ಸಾರ್ವಜನಿಕವಾಗಿ ಸಾಬೀತಾಯಿತು. ಎಣ್ಣೆಯಲ್ಲಿ ಹೆಚ್ಚು ಕರಗುವ ಔಷಧ ಹೆಚ್ಚು ಪ್ರಬಲ ಎಂಬ ಮೇಯರ್–ಓವರ್ಟನ್ ನಿಯಮದಿಂದ, ಅದು ಜೀವಕೋಶದ ಪೊರೆಯ ಕೊಬ್ಬಿನ ಮೇಲೆ ಕೆಲಸ ಮಾಡುತ್ತದೆ ಎಂದು ಬಹುಕಾಲ ನಂಬಿದ್ದರು. 1984ರಲ್ಲಿ ಫ್ರಾಂಕ್ಸ್ ಮತ್ತು ಲೀಬ್ ಕೊಬ್ಬೇ ಇಲ್ಲದ ಪ್ರೋಟೀನನ್ನೂ ಈ ಔಷಧಗಳು ತಡೆಯುತ್ತವೆ ಎಂದು ತೋರಿಸಿದರು. ಈಗ ಅರಿವಳಿಕೆ ಔಷಧಗಳಲ್ಲಿ ಪ್ರೊಪೊಫಾಲ್ ನರಕೋಶದ ಒಂದು ಗ್ರಾಹಿಯನ್ನು (ಔಷಧ ಅಂಟಿಕೊಳ್ಳುವ ಪ್ರೋಟೀನನ್ನು), ಕೆಟಮಿನ್ ಬೇರೊಂದನ್ನು ಹಿಡಿಯುತ್ತದೆ ಎಂದು ಗೊತ್ತು. ರಾಸಾಯನಿಕವಾಗಿ ಬಹುಮಟ್ಟಿಗೆ ನಿಷ್ಕ್ರಿಯವಾದ ಜೆನಾನ್ ಅನಿಲವೂ ಪ್ರಜ್ಞೆ ತಪ್ಪಿಸುತ್ತದೆ. ಬೇರೆ ಬೇರೆ ಬಾಗಿಲುಗಳಿಂದ ಒಳಹೋದರೂ ಪರಿಣಾಮ ಒಂದೇ ಆಗುವುದು ಹೇಗೆ ಎಂಬುದು ತೆರೆದ ಪ್ರಶ್ನೆ. 2025ರಲ್ಲಿ ಪ್ರಜ್ಞೆಯ ಎರಡು ಪ್ರಮುಖ ಸಿದ್ಧಾಂತಗಳ ಪ್ರತಿಪಾದಕರೇ ಮೊದಲು ಭವಿಷ್ಯವಾಣಿಗಳನ್ನು ಬರೆದುಕೊಟ್ಟು ನಡೆಸಿದ ಜಂಟಿ ಪರೀಕ್ಷೆಯ ಫಲಿತಾಂಶ ಬಂತು. ಎರಡೂ ಸಿದ್ಧಾಂತಗಳ ಕೆಲವು ಮುಖ್ಯ ಭವಿಷ್ಯವಾಣಿಗಳು ನಿಲ್ಲಲಿಲ್ಲ. ಸೋಲುವುದಕ್ಕೆ ಮೊದಲೇ ಒಪ್ಪಿ ಇಳಿಯುವ ಈ ಪದ್ಧತಿ ಬೇರೆ ಕ್ಷೇತ್ರಗಳಿಗೂ ಬರಬೇಕು.

ಗಣಿತದ್ದು ಬೇರೆಯೇ ಸ್ಥಿತಿ. 1971ರಿಂದ ಉಳಿದಿರುವ ‘ಪಿ ಮತ್ತು ಎನ್‌ಪಿ’ ಪ್ರಶ್ನೆಯಲ್ಲಿ (ಉತ್ತರ ಸರಿಯೇ ಎಂದು ಬೇಗ ಪರೀಕ್ಷಿಸಬಹುದಾದ ಪ್ರತಿ ಸಮಸ್ಯೆಗೂ ಉತ್ತರವನ್ನು ಬೇಗ ಹುಡುಕಲೂ ಬಹುದೇ ಎಂಬುದು), ಈವರೆಗೆ ಸಾಬೀತುಪಡಿಸಲು ಬಳಸಿದ ವಿಧಾನಗಳ ದೊಡ್ಡ ವರ್ಗಗಳೇ ಸಾಲುವುದಿಲ್ಲ ಎಂಬುದು 1975, 1994 ಮತ್ತು 2008ರಲ್ಲಿ ಸಾಬೀತಾಗಿದೆ. ಹೊಸ ‘ಸಾಬೀತು’ ಕಂಡರೆ ಈ ಮೂರು ಅಡ್ಡಿಗಳನ್ನು ಅದು ಹೇಗೆ ದಾಟಿತು ಎಂಬ ಪುಟವನ್ನು ಮೊದಲು ಹುಡುಕಿ. ಆ ಪುಟವೇ ಇಲ್ಲದಿದ್ದರೆ ಉಳಿದದ್ದನ್ನು ಓದುವ ತುರ್ತಿಲ್ಲ.

ಸುದ್ದಿ ಓದುವಾಗ

ಫಲಿತಾಂಶದ ಸಂಖ್ಯೆಗಿಂತ ಮೊದಲು ವ್ಯವಸ್ಥಿತ ದೋಷಗಳ (ಅಳೆಯುವ ವಿಧಾನದಲ್ಲೇ ಅಡಗಿ ಪ್ರತಿ ಸಲವೂ ಒಂದೇ ಕಡೆಗೆ ಎಳೆಯುವ ತಪ್ಪುಗಳ) ಕೋಷ್ಟಕ ನೋಡಿ. ಸಂಖ್ಯಾಶಾಸ್ತ್ರೀಯ ಅನಿಶ್ಚಿತತೆ ಹೆಚ್ಚು ದಿನ ಅಳೆದರೆ ಕುಗ್ಗುತ್ತದೆ, ವ್ಯವಸ್ಥಿತ ದೋಷ ಕುಗ್ಗುವುದಿಲ್ಲ. ‘ಐದು ಸಿಗ್ಮಾ’ ಎಂದರೆ ಆಕಸ್ಮಿಕವಾಗಿ ಹೀಗಾಗುವುದು ತೀರಾ ಅಪರೂಪ ಎಂದಷ್ಟೇ ಅರ್ಥ. ಕೇಬಲ್ ಸಡಿಲವಾಗಿಲ್ಲ ಎಂದಲ್ಲ. ಆಮೇಲೆ, ವಿಶ್ಲೇಷಣೆ ಮಾಡಿದವರಿಗೆ ಉತ್ತರ ಮೊದಲೇ ಕಾಣುತ್ತಿತ್ತೇ ಎಂದು ನೋಡಿ. ಫರ್ಮಿಲ್ಯಾಬ್‌ನ ಮ್ಯೂಯಾನ್ ಪ್ರಯೋಗದಲ್ಲಿ ಗಡಿಯಾರದ ನಿಜವಾದ ಆವರ್ತನವನ್ನು ತಂಡದ ಹೊರಗಿನವರು ಗುಟ್ಟಾಗಿಟ್ಟಿದ್ದರು. ವಿಶ್ಲೇಷಣೆಯನ್ನೆಲ್ಲ ಮುಗಿಸಿದ ಮೇಲೆಯೇ ಲಕೋಟೆ ತೆರೆದದ್ದು. ಬೇಕಾದ ಉತ್ತರ ಬಂದ ಕೂಡಲೇ ತಪ್ಪು ಹುಡುಕುವುದನ್ನು ನಿಲ್ಲಿಸುವ ಪ್ರವೃತ್ತಿಗೆ ಇದು ತಡೆ.

ಕೊನೆಯದಾಗಿ, ಮಾದರಿ ಎಷ್ಟು ಶುದ್ಧ ಎಂದು ಕೇಳಿ. 2023ರಲ್ಲಿ ಕೋಣೆಯ ಉಷ್ಣತೆಯಲ್ಲೇ ಅತಿವಾಹಕ (ವಿದ್ಯುತ್ತಿಗೆ ರೋಧವನ್ನೇ ಒಡ್ಡದ ವಸ್ತು) ಎಂದು ಸುದ್ದಿಯಾದ ಎಲ್‌ಕೆ-99 ವಸ್ತುವಿನಲ್ಲಿ ಸುಮಾರು 104 ಡಿಗ್ರಿಯ ಬಳಿ ವಿದ್ಯುತ್ ರೋಧ ಥಟ್ಟನೆ ಇಳಿಯುತ್ತಿತ್ತು. ಅದರಲ್ಲಿ ಕಲ್ಮಶವಾಗಿ ಬೆರೆತಿದ್ದ ತಾಮ್ರದ ಸಲ್ಫೈಡ್ ತನ್ನ ರಚನೆ ಬದಲಿಸುವುದು ಅದೇ ಉಷ್ಣತೆಯ ಆಸುಪಾಸಿನಲ್ಲಿ. ಕೆಲವೇ ವಾರಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲ್ಮಶವಿಲ್ಲದ ಹರಳು ಬೆಳೆಸಿ ನೋಡಿದರು. ಅದು ಅತಿವಾಹಕವೂ ಅಲ್ಲ, ಮಾಮೂಲಿ ವಾಹಕವೂ ಅಲ್ಲ. ವಿದ್ಯುತ್ ಹರಿಯಗೊಡದ ಅವಾಹಕ.